ನುಂಗಿದ ಗುಟುಕು

ಕಲಘಟಗಿಯ ಪೇಟೆಯಲ್ಲಿ ವಿಜಯೀಂದ್ರರಾಯರ ಚಹಾಪುಡಿ ಅಂಗಡಿ ಎಲ್ಲಿ ಎಂದು ಕೇಳಿದರೆ ಈಗಲೂ ಜನ ಕೈ ಮಾಡಿ ತೋರಿಸುತ್ತಾರೆ. ವ್ಯಾಪಾರ ಮಾತ್ರ ಹೆಸರಿಗಷ್ಟೇ ಉಳಿದಿದೆ. ಬಣ್ಣದ ಪಾಕೀಟುಗಳು ಬರುವ ಮೊದಲು ದುಮ್ಮವಾಡ, ಮಿಶ್ರಿಕೋಟಿ, ಅತ್ತ ಕುಂದಗೋಳದ ಕಡೆಯ ಹಳ್ಳಿಗಳಿಗೂ ಪುಡಿ ಈ ಅಂಗಡಿಯಿಂದಲೇ ಹೋಗುತ್ತಿತ್ತು. ಹುಬ್ಬಳ್ಳಿಯ ದಲಾಲಿ ಏಳೆಂಟು ನಮೂನೆ ತಂದು ಮುಂದಿಟ್ಟರೆ ರಾಯರು ಹಾಲು, ಸಕ್ಕರೆ ಇಲ್ಲದೆ ಒಂದೊಂದನ್ನೂ ಕುದಿಸಿ, ಚಮಚದಿಂದ ಸುರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಮೋರಿಗೆ ಉಗುಳುತ್ತಿದ್ದರು. ಆಮೇಲೆ ಯಾವುದಕ್ಕೆ ಯಾವುದು ಎಷ್ಟು ಕೂಡಬೇಕೆಂದು ಹೇಳುತ್ತಿದ್ದರು. ರಾಯರ ನಾಲಿಗೆ ಒಪ್ಪಿತೆಂದರೆ ಮುಗಿಯಿತು, ಹೊಟೇಲಿನವರು ಮರುಮಾತಿಲ್ಲದೆ ಡಬ್ಬಿ ತುಂಬಿಸಿಕೊಂಡು ಹೋಗುತ್ತಿದ್ದರು.

ಆ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ರಾಯರಿಗೆ ನಿಜವಾಗಿಯೂ ಆ ನಾಲಿಗೆ ಇತ್ತು. ಓದು ತಲೆಗೆ ಹತ್ತಲಿಲ್ಲ, ಅಣ್ಣತಮ್ಮಂದಿರೆಲ್ಲ ಮಾಸ್ತರರೋ ಕಾರಕೂನರೋ ಆದರು, ಇವರೊಬ್ಬರೇ ಅಂಗಡಿಯಲ್ಲಿ ಕುಳಿತರು. ಮನೆತನದಲ್ಲಿ ತಾನೂ ಒಬ್ಬ ಅನ್ನಿಸಿಕೊಳ್ಳಲು ಅವರ ಬಳಿ ಇದ್ದದ್ದು ಅದೊಂದೇ.

ಕಳೆದ ವರ್ಷ ಶೀಗಿ ಹುಣ್ಣಿಮೆಯ ಮರುದಿನ ಮಗಳು ಧನಶ್ರೀ ಧಾರವಾಡದಿಂದ ಬಂದಳು. ಅವಳು ಅಲ್ಲಿ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ಜೊತೆಗೆ ಕಲಿಸುವ ಗೆಳತಿಯೊಬ್ಬಳು ಕೊಟ್ಟಿದ್ದಳೆಂದು ಕಂದು ಬಣ್ಣದ ಸಣ್ಣ ತಗಡಿನ ಡಬ್ಬಿಯೊಂದನ್ನು ತಂದಿದ್ದಳು. ಡಬ್ಬಿಯ ಮೇಲೆ ಬರೆದದ್ದನ್ನು ತಂದೆಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು: ಇದು ಬೇಸಗೆಯದ್ದೂ ಅಲ್ಲ, ಮಳೆಗಾಲದ್ದೂ ಅಲ್ಲ, ಶರದೃತುವಿಗೆಂದೇ ಮಾಡಿದ ಕಪ್ಪು ಚಹಾ. ಎಲೆಗೆ ಕಟ್ಟಿಗೆಯ ಹೊಗೆ ಕೊಟ್ಟಿದ್ದಾರೆ. ಸುಟ್ಟ ಸಕ್ಕರೆಯ ಯಾವುದೋ ಸಿಹಿತಿಂಡಿಯ ರುಚಿ ಬರುವ ಹಾಗೆ ಮಸಾಲೆ ಕೂಡಿಸಿದ್ದಾರೆ. ರಾಯರು ನಕ್ಕರು. ಚಹಾಕ್ಕೆ ತಿಂಡಿಯ ರುಚಿ ಯಾಕೆ ಬೇಕು, ತಿಂಡಿ ಬೇಕಾದರೆ ತಿಂಡಿ ತಿನ್ನಬೇಕು ಎಂದರು. ಅವರ ಹೆಂಡತಿ ಅರುಣಾ ಒಂದು ಗುಟುಕು ಕುಡಿದು, ಹಾಲು ತಳ ಹಿಡಿದ ಹಾಗಿದೆ ಎಂದು ಲೋಟ ಸರಿಸಿದರು.

ರಾಯರು ರೂಢಿಯಂತೆ ಚಮಚದಿಂದ ಎಳೆದರು. ಮೊದಲು ಹೊಗೆ ಬಂತು, ಒಲೆಯ ಕಣ್ಣೀರು ತರಿಸುವ ಹೊಗೆಯಲ್ಲ, ದೂರದಲ್ಲಿ ಎಲ್ಲೋ ಕಬ್ಬಿನ ರವದಿ, ಆ ಒಣಸೋಗೆ, ಉರಿಯುವಾಗ ಬರುವಂಥದ್ದು. ಅದರ ಹಿಂದಿನಿಂದ ಬೆಲ್ಲ ಕಂದಿದ ಸಿಹಿ. ಕೊನೆಗೆ ನಾಲಿಗೆಯ ಬುಡದಲ್ಲಿ ಏಲಕ್ಕಿ, ಚೂರು ಶುಂಠಿ. ಅವರು ಉಗುಳಲಿಲ್ಲ. ಚಮಚ ಕೈಯಲ್ಲೇ ಉಳಿಯಿತು.

ಏನಾಯಿತೆಂದು ಧನಶ್ರೀ ಕೇಳಿದಾಗ ಅವರು ಚಮಚ ಕೆಳಗಿಟ್ಟು, "ಇದನ್ನ ನಾ ಒಮ್ಮೆ ಕುಡದೀನಿ. ಇದೇ ಊರಾಗ, ನಮ್ಮ ಅಂಗಡ್ಯಾಗ," ಎಂದರು.

ಅಂಗಡಿಯಲ್ಲಿ ಹಿಂದೆ ಫಕ್ರುಸಾಬ ಎಂಬವನೊಬ್ಬ ಇದ್ದನೆಂದು ಧನಶ್ರೀ ಕೇಳಿದ್ದಳು. ಅವಳು ಕೂಸಾಗಿದ್ದಾಗ ಅವನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಒಯ್ಯುತ್ತಿದ್ದನಂತೆ. ಬೇರೆ ಕೆಲಸ ಸಿಕ್ಕು ಬಿಟ್ಟುಹೋದ ಎಂದು ತಂದೆ ಹೇಳುತ್ತಿದ್ದರು. ಆ ದಿನ ಮಾತ್ರ ಅವರು ನಡೆದದ್ದನ್ನು ನಡೆದ ಹಾಗೆಯೇ ಹೇಳಿದರು.

ಫಕ್ರುಸಾಬ ದುಮ್ಮವಾಡದವನು, ರಾಯರ ಓರಗೆಯವನು. ಹನ್ನೆರಡು ವರ್ಷ ಅಂಗಡಿಯಲ್ಲಿ ಚೀಲ ಹೊತ್ತ, ಪುಡಿ ಜರಡಿ ಹಿಡಿದ, ರಾಯರು ಹೇಳಿದ ಪ್ರಮಾಣದಲ್ಲಿ ಬೆರೆಸಿದ. ಹಬ್ಬ ಬಂದರೆ ರಾಯರ ತಾಯಿ ದ್ವಾರಕಾಬಾಯಿ ಹಿತ್ತಲ ಬಾಗಿಲಲ್ಲಿ ಅವನಿಗೆ ಬಾಳೆಯೆಲೆಯಲ್ಲಿ ಹೋಳಿಗೆ ಕೊಡುತ್ತಿದ್ದರು. ಅವನು ಅದನ್ನು ತಿನ್ನುವ ಮೊದಲು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುವುದನ್ನು ಕಂಡು ಆಕೆಗೆ ನಗು.

ಇಪ್ಪತ್ತೆಂಟು ವರ್ಷದ ಹಿಂದೆ, ದೀಪಾವಳಿ ಮುಗಿದು ದುಮ್ಮವಾಡದಲ್ಲಿ ಬೆಲ್ಲದ ಗಾಣ ಹೂಡಿದಾಗ, ಫಕ್ರುಸಾಬ ಒಂದು ಕೆಲಸ ಮಾಡಿದ. ದೊಡ್ಡ ಎಲೆಯ ಚಹಾವನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ, ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಬಾಜು, ಒಲೆಯ ಹೊಗೆಯೂ ಬೆಲ್ಲದ ಆವಿಯೂ ಎರಡೂ ತಾಗುವಲ್ಲಿ ಮೂರು ದಿನ ತೂಗುಹಾಕಿದ. ಆಮೇಲೆ ಏಲಕ್ಕಿ, ಒಣಶುಂಠಿ, ಹುರಿದ ಕೊಬ್ಬರಿ ಕುಟ್ಟಿ ಕೂಡಿಸಿದ. ಅವ್ವನವರ ಹೋಳಿಗೆಯ ಹೂರಣ ಚಹಾದಲ್ಲಿ ಬರಬೇಕೆಂಬುದು ಅವನ ಆಸೆ. ಎಷ್ಟು ಸಲ ಕೆಟ್ಟಿತೋ, ಎಷ್ಟು ಸಲ ಚೆಲ್ಲಿದನೋ, ಅದನ್ನೆಲ್ಲ ಅವನು ಹೇಳಲಿಲ್ಲ. ಒಂದು ಮುಂಜಾನೆ ಕಾಗದದ ಪೊಟ್ಟಣ ತಂದು ರಾಯರ ಮುಂದಿಟ್ಟ. ಆಗ ಅಂಗಡಿಯಲ್ಲಿ ಹುಬ್ಬಳ್ಳಿಯ ದಲಾಲಿ ಇದ್ದ, ಮಿಶ್ರಿಕೋಟಿಯ ಹೊಟೇಲಿನ ಗುಡದಪ್ಪನೂ ಇದ್ದ.

ರಾಯರು ಕುದಿಸಿ ಕುಡಿದರು. ಎಲ್ಲರೂ ಅವರ ಮುಖ ನೋಡುತ್ತಿದ್ದರು. ದಲಾಲಿ ತಾನೂ ಒಂದು ಚಮಚ ಕುಡಿದು, ಇದು ಯಾರ ಕೈಯದು, ಭಾಳ ಛಲೋ ಬೆರೆಸಿದ್ದಾರಲ್ಲ ಎಂದ. ಆ ಮಾತು ರಾಯರ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತು. ಆ ಅಂಗಡಿಯಲ್ಲಿ ಅಂಥ ಮಾತು ಅವರಿಗಷ್ಟೇ ಬರುತ್ತಿತ್ತು. ಅವರು ಲೋಟವನ್ನು ಮೋರಿಗೆ ಸುರುವಿ, "ಗಾಣದ ಹೊಗಿ ಹತ್ತಿ ಕೆಟ್ಟ ಮಾಲು ಇದು. ಫಕ್ರು, ಚೀಲ ಹೊರೂದು ನಿನ್ನ ಕೆಲಸ. ನಾಲಿಗಿ ಕೆಲಸ ನನಗ ಬಿಡು," ಎಂದರು. ದಲಾಲಿ ನಕ್ಕ. ಗುಡದಪ್ಪನೂ ನಕ್ಕ.

ಫಕ್ರುಸಾಬ ಸಂಜೆಯವರೆಗೆ ಎಂದಿನಂತೆ ಕೆಲಸ ಮಾಡಿದ. ಜರಡಿ ತೊಳೆದು ಬೋರಲು ಹಾಕಿದ, ಕೀಲಿಕೈ ಗೂಟಕ್ಕೆ ಸಿಕ್ಕಿಸಿದ. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ರಾಯರು ಕರೆಯಲು ಹೋಗಲಿಲ್ಲ. ದ್ವಾರಕಾಬಾಯಿ ಮಾತ್ರ ಪ್ರತಿ ಹಬ್ಬಕ್ಕೂ ಫಕ್ರು ಎಲ್ಲಿ ಎಂದು ಕೇಳುತ್ತಿದ್ದರು, ಸಾಯುವವರೆಗೂ ಕೇಳಿದರು.

ಇನ್ನೂ ಒಂದಿತ್ತು. ಅದನ್ನು ಹೇಳುವಾಗ ರಾಯರು ಮಗಳ ಮುಖ ನೋಡಲಿಲ್ಲ. ಮರುವರ್ಷ ಅವರೇ ಗುಟ್ಟಾಗಿ ದುಮ್ಮವಾಡದ ಗಾಣಕ್ಕೆ ಹೋಗಿ ಎಲೆ ತೂಗುಹಾಕಿದ್ದರು. ಅದು ಬರೀ ಕಹಿಯಾಯಿತು. ಎರಡನೇ ಸಲವೂ ಕಹಿ. ಬೆರೆಸುವುದನ್ನು ಬಲ್ಲೆನೆಂದುಕೊಂಡಿದ್ದ ಕೈಗೆ ಅದು ಬಗ್ಗಲಿಲ್ಲ.

ಆತ ಈಗ ಎಲ್ಲಿದ್ದಾನೆ ಎಂದು ಧನಶ್ರೀ ಕೇಳಿದಳು. ಕುಬಿಹಾಳದಲ್ಲಿ, ಹೆಂಡತಿಯ ತವರೂರಲ್ಲಿ ಎಂದರು ರಾಯರು. ಎಂದಿನಿಂದ ಗೊತ್ತು ಎಂದು ಕೇಳಿದರೆ ಹನ್ನೊಂದು ವರ್ಷದಿಂದ ಎಂದರು. ಅವಳು ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ತಂದೆಯ ಕೈಚೀಲದಲ್ಲಿ ಇಟ್ಟಳು.

ಅದೇ ವಾರ ಗುರುವಾರ ರಾಯರು ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಕುಬಿಹಾಳ ತಲುಪಿದರು. ಹೊಲಗಳಲ್ಲಿ ಶೇಂಗಾ ಕಿತ್ತು ಒಣಹಾಕಿದ್ದರು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೆಣಸಿನಕಾಯಿ ಚೀಲ ಹೊಲಿಯುವ ಫಕ್ರುಸಾಬ ಎಂದರೆ ಊರಿಗೆಲ್ಲ ಗೊತ್ತು. ಬಾಗಿಲಲ್ಲಿ ಅವನ ಹೆಂಡತಿ ಮೀರಾಬಿ ಗುರುತು ಹಿಡಿದಳು. ಒಳಗೆ ಕರೆದು ಚಾಪೆ ಹಾಸಿದಳು, ಆದರೆ ಮುಖ ಅರಳಲಿಲ್ಲ. ಫಕ್ರುಸಾಬ ಪಡಸಾಲೆಯಲ್ಲಿ ಚೀಲಗಳ ನಡುವೆ ದಬ್ಬಣ ಹಿಡಿದು ಕುಳಿತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಎದ್ದು ನಿಲ್ಲಲು ಹೋದವನನ್ನು ರಾಯರು ಭುಜ ಹಿಡಿದು ಕೂರಿಸಿದರು.

ಮಳೆ, ಮಕ್ಕಳು, ಮೊಣಕಾಲ ನೋವು, ಎಲ್ಲ ಮಾತಾಯಿತು. ದ್ವಾರಕಾಬಾಯಿ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು. ಸುಡುಗಾಡಿಗೆ ಬಂದು ದೂರದಲ್ಲಿ ನಿಂತು ಹೋಗಿದ್ದೆ ಎಂದ. ರಾಯರು ಕೈಚೀಲದಿಂದ ಡಬ್ಬಿ ತೆಗೆದರು. ಮೀರಾಬಿಯ ಒಪ್ಪಿಗೆ ಕೇಳಿ ಅಡುಗೆಮನೆಗೆ ಹೋಗಿ ತಾವೇ ನೀರು ಕಾಯಿಸಿದರು. ಹನ್ನೆರಡು ವರ್ಷದಲ್ಲಿ ಅವರು ಫಕ್ರುಸಾಬನಿಗೆ ಒಮ್ಮೆಯೂ ಚಹಾ ಮಾಡಿಕೊಟ್ಟಿರಲಿಲ್ಲ, ಅದು ಒಲೆಯ ಮುಂದೆ ನಿಂತಾಗ ನೆನಪಾಯಿತು.

ಫಕ್ರುಸಾಬ ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿದ. ಅರ್ಧ ಮುಗಿಸಿದ. ರಾಯರು ಅವನ ಮುಖವನ್ನೇ ನೋಡುತ್ತಿದ್ದರು. ಮುಖದಲ್ಲಿ ಏನೂ ಆಗಲಿಲ್ಲ.

"ಹೆಂಗದ?" ಎಂದು ಕೇಳಿದರು.

"ಬಿಸಿ ಐತ್ರಿ ರಾಯರ," ಎಂದ ಫಕ್ರುಸಾಬ.

ಅವನು ಚೇಷ್ಟೆ ಮಾಡುತ್ತಿದ್ದಾನೆಂದು ರಾಯರಿಗೆ ಅನ್ನಿಸಿತು. ಆಗ ಮೀರಾಬಿ ಬಿಡಿಸಿ ಹೇಳಿದಳು. ಕೊರೊನಾ ಬಂದಾಗ ಹೋದ ವಾಸನೆ, ರುಚಿ ಅವನಿಗೆ ತಿರುಗಿ ಬರಲೇ ಇಲ್ಲ. ಎಲ್ಲರಿಗೂ ತಿಂಗಳು ಎರಡು ತಿಂಗಳಿಗೆ ಬಂತು, ಇವನಿಗಿಲ್ಲ. ಕುಂದಗೋಳ, ಹುಬ್ಬಳ್ಳಿ ಎರಡೂ ಕಡೆ ತೋರಿಸಿದ್ದಾಯಿತು. ಒಮ್ಮೆ ಗ್ಯಾಸ್ ಸೋರಿ ಮನೆ ತುಂಬಿದ್ದರೂ ಇವನು ಅಲ್ಲೇ ಕುಳಿತು ಚೀಲ ಹೊಲಿಯುತ್ತಿದ್ದ. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ, ಮೂಗಿಗೆ ಮಾತ್ರ ಗೊತ್ತಾಗುವುದಿಲ್ಲ.

ರಾಯರು ತಲೆ ತಗ್ಗಿಸಿ ಕುಳಿತರು. ಬಸ್ಸಿನಲ್ಲಿ ಬರುತ್ತ ಅವರು ಎಲ್ಲವನ್ನೂ ಅಂದುಕೊಂಡಿದ್ದರು. ಅವನು ಒಂದು ಗುಟುಕು ಕುಡಿಯುತ್ತಾನೆ, ತಿಳಿಯುತ್ತದೆ, ತಾವು ಹೆಚ್ಚು ಮಾತಾಡಬೇಕಾಗಿಯೇ ಬರುವುದಿಲ್ಲ. ಈಗ ಮಾತಾಡದೆ ಬೇರೆ ದಾರಿ ಇರಲಿಲ್ಲ.

"ಅವತ್ತ ನೀ ತಂದ ಚಹಾ ನನಗ ಸೇರಿತ್ತು, ಫಕ್ರು," ಎಂದರು. "ಸೇರಿತ್ತು ಅಂತನ ಚೆಲ್ಲಿದೆ."

ಫಕ್ರುಸಾಬ ಲೋಟ ಕೆಳಗಿಟ್ಟ. "ಗೊತ್ತಿತ್ರಿ."

"ಹೆಂಗ ಗೊತ್ತು?"

"ನಮೂನಿ ನೋಡುವಾಗ ನೀವು ಎಂದೂ ನುಂಗಿದವರಲ್ಲ. ಹನ್ನೆರಡು ವರ್ಷ ನೋಡೀನಿ. ಅವತ್ತ ನುಂಗಿದ್ರಿ."

"ಗೊತ್ತಿದ್ದೂ ಯಾಕ ಬಿಟ್ಟು ಹ್ವಾದಿ?"

"ಗೊತ್ತಿತ್ತಂತನ ಹ್ವಾದೆರಿ. ನಿಮಗ ಖರೇನ ಸೇರಿಲ್ಲಾಂದ್ರ ಇನ್ನೊಮ್ಮೆ ಮಾಡ್ತಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಮೀರಾಬಿಯಲ್ಲಿ. ಕುಬಿಹಾಳಕ್ಕೆ ಬಂದ ಮೇಲೂ ಎರಡು ವರ್ಷ ಅವನು ಆ ಚಹಾ ಬಿಟ್ಟಿರಲಿಲ್ಲವೆಂದು ಅವಳು ಹೇಳಿದಳು. ಪೊಟ್ಟಣ ಕಟ್ಟಿಕೊಂಡು ಸೈಕಲ್ಲಿನ ಮೇಲೆ ಊರೂರು ತಿರುಗಿದ. ಎಲ್ಲಿಗೆ ಹೋದರೂ ಹೊಟೇಲಿನವರದು ಒಂದೇ ಮಾತು: ಕಲಘಟಗಿ ರಾಯರೇ ಕೆಟ್ಟ ಮಾಲು ಅಂದಾರಂತ, ನಮಗ್ಯಾಕ. ಕುಡಿದು ನೋಡಲೂ ಯಾರೂ ಒಪ್ಪಲಿಲ್ಲ. ಗುಡದಪ್ಪ ನಕ್ಕು ಹೇಳಿದ ಕಥೆ ಸೈಕಲ್ಲಿಗಿಂತ ಮುಂದೆ ಓಡಿತ್ತು. ಕೊನೆಗೊಂದು ದಿನ ಉಳಿದದ್ದನ್ನೆಲ್ಲ ತಿಪ್ಪೆಗೆ ಹಾಕಿ ಬಂದು ದಬ್ಬಣ ಹಿಡಿದ.

ರಾಯರಿಗೆ ಇದು ಗೊತ್ತಿರಲಿಲ್ಲ. ಒಬ್ಬನಿಗೆ ಒಂದು ಮುಂಜಾನೆ ಆಡಿದ ಮಾತು ಅಂದುಕೊಂಡಿದ್ದರು. ಅದು ಎರಡು ತಾಲೂಕು ತಿರುಗಿ, ಹೋದಲ್ಲೆಲ್ಲ ಅವನ ಮುಂದೆ ಬಾಗಿಲು ಹಾಕಿತ್ತು. ಅವರು ನಂಬಿಕೊಂಡು ಬದುಕಿದ ಆ ಹೆಸರೇ ಈ ಕೆಲಸ ಮಾಡಿತ್ತು. ಮೀರಾಬಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದರು, "ತಪ್ಪಾತು" ಎಂಬುದೊಂದೇ ಹೊರಬಂತು. ಅವಳು ಎದ್ದು ಒಳಗೆ ಹೋದಳು.

ಫಕ್ರುಸಾಬನೇ ಮಾತು ತೆಗೆದ. ಡಬ್ಬಿಯ ಚಹಾ ಹೇಗಿದೆ, ನೀವೇ ಹೇಳಿ ಎಂದ. ರಾಯರು ಇನ್ನೊಮ್ಮೆ ಕುಡಿದು, ದಲಾಲಿಗಳಿಗೆ ಹೇಳುತ್ತಿದ್ದಂತೆ ಒಂದೊಂದಾಗಿ ಹೇಳಿದರು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಹೊಗೆ ಮೊದಲು ಬರುತ್ತದೋ ಸಿಹಿ ಮೊದಲೋ ಎಂದು ಕೇಳಿದ. ಹೊಗೆ ಎಂದರು. ಸಿಹಿ ಬೆಲ್ಲದ್ದೋ ಸಕ್ಕರೆಯದ್ದೋ ಎಂದ. ರಾಯರು ತಡೆದು ನೋಡಿ, ಸಕ್ಕರೆಯದ್ದು ಇರಬೇಕು ಎಂದರು.

"ಕೊಬ್ರಿ ಐತೇನ್ರಿ?"

ರಾಯರು ಮತ್ತೆ ಕುಡಿದರು, ಬಹಳ ಹೊತ್ತು ಬಾಯಲ್ಲಿ ಹಿಡಿದರು. ಇಲ್ಲ ಎಂದರು.

"ಹಂಗಾದ್ರ ಇದು ನಂದಲ್ರಿ. ಇದು ಬ್ಯಾರೆ," ಎಂದ ಫಕ್ರುಸಾಬ. ಅವನ ಮುಖದಲ್ಲಿ ಆಗ ಸಣ್ಣದೊಂದು ಸಮಾಧಾನ ಬಂದುಹೋದದ್ದು ರಾಯರಿಗೆ ಕಂಡಿತು. ತನ್ನದು ಬೇರೆಯವರ ಕೈಗೆ ಹೋಗಿಲ್ಲವೆಂಬ ಸಮಾಧಾನವೋ ಏನೋ.

ದೀಪಾವಳಿ ಮುಗಿದ ಮೇಲೆ ಗಾಣ ಹೂಡುತ್ತಾರೆ, ಬಾ, ಇಬ್ಬರೂ ಕೂಡಿ ಮಾಡೋಣ ಎಂದರು ರಾಯರು. ನೀನು ಹೇಳು, ನಾನು ಮಾಡುತ್ತೇನೆ, ರುಚಿ ನಾನು ನೋಡಿ ನಿನಗೆ ಹೇಳುತ್ತೇನೆ ಎಂದು ಒತ್ತಾಯ ಮಾಡಿದರು. ಫಕ್ರುಸಾಬ ಯೋಚಿಸಿದ. ಆಮೇಲೆ ಆಗುವುದಿಲ್ಲವೆಂದು ತಲೆಯಾಡಿಸಿದ. ಚಹಾ ಕಟ್ಟಿದ ಬಟ್ಟೆ ಯಾವಾಗ ಇಳಿಸಬೇಕೆಂಬುದು ಲೆಕ್ಕಕ್ಕೆ ಸಿಗುವುದಲ್ಲ, ಮೂಗಿಗೆ ಗೊತ್ತಾಗುತ್ತಿತ್ತು ಎಂದ. ಹೇಳಿಕೊಡಲು ತನ್ನ ಬಳಿ ಈಗ ಏನೂ ಇಲ್ಲ. ನಿಮ್ಮ ನಾಲಿಗೆಗೆ ಗೊತ್ತಿದೆ, ಆದರೆ ಅದಕ್ಕೆ ಮಾಡಲು ಬರುವುದಿಲ್ಲ ಎಂದು ಹೇಳಿ ಮೆಲ್ಲಗೆ ನಕ್ಕ.

"ಹತ್ತು ವರ್ಷದ ಹಿಂದ ಬಂದಿದ್ರ ಆಗ್ತಿತ್ರಿ," ಎಂದ.

ಹನ್ನೊಂದು ವರ್ಷದಿಂದ ವಿಳಾಸ ಗೊತ್ತಿತ್ತೆಂದು ರಾಯರು ಅವನಿಗೆ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ.

ಊಟ ಮಾಡಿಕೊಂಡು ಹೋಗಿ ಎಂದು ಫಕ್ರುಸಾಬ ಹಟ ಹಿಡಿದ. ಮೀರಾಬಿ ರೊಟ್ಟಿ ಬಡಿದಳು, ಬದನೇಕಾಯಿ ಪಲ್ಯ ಮಾಡಿದಳು. ಬಡಿಸುವಾಗಲೂ ಮಾತಾಡಲಿಲ್ಲ, ಆದರೆ ರಾಯರ ತಾಟಿನಲ್ಲಿ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಹಾಕಿದಳು. ಮೂರು ಗಂಟೆಯ ಬಸ್ಸಿಗೆ ಫಕ್ರುಸಾಬ ನಿಲ್ದಾಣದವರೆಗೆ ಬಂದ.

ಅಂದಿನಿಂದ ರಾಯರು ತಿಂಗಳಿಗೊಮ್ಮೆ ಕುಬಿಹಾಳಕ್ಕೆ ಹೋಗುತ್ತಾರೆ. ಕೆಲವು ಸಲ ಫಕ್ರುಸಾಬನ ಬಾಜು ಕುಳಿತು ದಬ್ಬಣಕ್ಕೆ ದಾರ ಪೋಣಿಸಿ ಕೊಡುತ್ತಾರೆ. ಯಾರದೋ ಮದುವೆ, ಮೆಣಸಿನಕಾಯಿಯ ಬೆಳೆ, ತಮ್ಮಿಬ್ಬರ ಔಷಧಿ, ದ್ವಾರಕಾಬಾಯಿಯ ನೆನಪು, ಎಲ್ಲ ಮಾತಾಡುತ್ತಾರೆ. ಗಾಣದ ಮಾತನ್ನು ಮಾತ್ರ ಇಬ್ಬರೂ ತೆಗೆಯುವುದಿಲ್ಲ. ನಾಲ್ಕನೇ ಸಲ ಹೋದಾಗ ಮೀರಾಬಿ ತಾನಾಗಿ ಚಹಾ ತಂದುಕೊಟ್ಟಳು, ಹಾಲು ಸಕ್ಕರೆ ಹಾಕಿದ ಸಾದಾ ಚಹಾ. ಪುಡಿ ಯಾವ ಅಂಗಡಿಯದೆಂದು ರಾಯರು ಕೇಳಲಿಲ್ಲ.