ತೀವ್ರ ಅಸಮಾಧಾನ ವ್ಯಕ್ತಪಡಿಸಿದರು

ಯಾದಗಿರಿ ಸ್ಟೇಷನ್ ರಸ್ತೆಯ ಒಂದು ಚಹಾದಂಗಡಿಯಲ್ಲಿ ನಾವು ನಾಲ್ಕೈದು ಮಂದಿ ನಿವೃತ್ತರು ದಿನಾ ಬೆಳಿಗ್ಗೆ ಸೇರುತ್ತೇವೆ. ಬಿಪಿ, ಮೊಣಕಾಲು ನೋವು, ಬೇರೆಯವರ ಮಕ್ಕಳ ಮದುವೆ, ಇಷ್ಟೇ ನಮ್ಮ ಕಾರ್ಯಸೂಚಿ. ಮೊನ್ನೆ ಒಬ್ಬರು ಮೊಬೈಲನ್ನು ಎಲ್ಲರ ಮುಂದೆ ಹಿಡಿದರು. ವೇದಿಕೆಯ ಮೇಲೆ ಒಬ್ಬ ಜನಪ್ರತಿನಿಧಿ. ಯಾವ ಪಕ್ಷ ಎಂದು ಕೇಳಬೇಡಿ, ನಿಮ್ಮ ಮನಸ್ಸಿಗೆ ಬಂದ ಪಕ್ಷವೇ ಇದ್ದುಕೊಳ್ಳಲಿ. ತಮ್ಮನ್ನು ಪ್ರಶ್ನೆ ಮಾಡಿದವರ ನಾಲಿಗೆ ಸೀಳಿ ಅವರ ಕೈಗೇ ಕೊಟ್ಟು ಕಳಿಸಿ ಎಂದು ಅವರು ಕಾರ್ಯಕರ್ತರಿಗೆ ಹೇಳುತ್ತಿದ್ದರು. ಪಕ್ಕದಲ್ಲಿ ಕೂತ ಹಿರಿಯ ನಾಯಕರು ಹೆಗಲ ಮೇಲಿನ ಶಾಲು ಸರಿ ಮಾಡಿಕೊಳ್ಳುತ್ತ ನಗುತ್ತಿದ್ದರು. ಜನ ಶಿಳ್ಳೆ ಹೊಡೆದರು. ನಮ್ಮ ಅಂಗಡಿಯಲ್ಲೂ ನಗೆ ಎದ್ದಿತು. "ಮಾತಂದ್ರ ಹಿಂಗಿರ್ಬೇಕ್ ನೋಡ್ರಿ, ಖಡಕ್" ಎಂದರು ಮೊಬೈಲಿನವರು. ನಾನೂ ನಕ್ಕೆ.

ನಕ್ಕ ಮೇಲೆ ಚಹಾದ ಲೋಟ ಕೆಳಗಿಟ್ಟೆ. ಜಗತ್ತಿನಲ್ಲಿ ಬೇರೆ ಯಾರು ನಕ್ಕರೂ ನಡೆದೀತು, ನಾನು ನಗಬಾರದಿತ್ತು. ಯಾಕೆ ಎಂದು ಹೇಳುತ್ತೇನೆ. ನನಗೆ ಯಾವುದನ್ನೂ ನೇರವಾಗಿ ಹೇಳಿ ರೂಢಿಯಿಲ್ಲ, ಸ್ವಲ್ಪ ಸುತ್ತುಬಳಸಿ ಬರುತ್ತೇನೆ, ಸಹಿಸಿಕೊಳ್ಳಿ.

ಸುರಪುರದ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಕಾರ್ಯದರ್ಶಿ ಎಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಆಫೀಸಿನ ಬೀಗ ತೆಗೆಯುವವನೂ ನಾನೇ, ಬೈಸಿಕೊಳ್ಳುವವನೂ ನಾನೇ. ಆದರೆ ಒಂದು ವಿಷಯದಲ್ಲಿ ನನಗೆ ಸುತ್ತಮುತ್ತ ಹೆಸರಿತ್ತು. ನಡಾವಳಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಸಭೆಯಲ್ಲಿ ಏನೇನು ನಡೆಯಿತೆಂದು ಬರೆದಿಡುವ ಪುಸ್ತಕ ಅದು. ಮುಂದಿನ ಸಭೆ ಶುರುವಾಗುವ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು. ಎಲ್ಲರೂ ಹೌದು ಎಂದು ಒಪ್ಪಿದ ಮೇಲೆಯೇ ಹೊಸ ವಿಷಯ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ಭಾಷೆ ಅದಕ್ಕಿಂತ ನುಣುಪು. ಕುರ್ಚಿ ತೂರಾಡಿದರೆ "ಸುದೀರ್ಘ ಚರ್ಚೆ ನಡೆಯಿತು" ಎಂದು ಬರೆಯುತ್ತಿದ್ದೆ. ಅವ್ವ ಅಕ್ಕ ಎಂದು ಬೈದಾಡಿದರೆ "ಸದಸ್ಯರಲ್ಲಿ ಭಿನ್ನಾಭಿಪ್ರಾಯ ಕಂಡುಬಂದಿತು." ಕೊರಳಪಟ್ಟಿಗೆ ಕೈ ಹಾಕಿದರೆ "ತೀವ್ರ ಅಸಮಾಧಾನ ವ್ಯಕ್ತಪಡಿಸಿದರು." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಕ್ಕಪಕ್ಕದ ಪಂಚಾಯಿತಿಯವರು ಬಂದು ನನ್ನ ವಾಕ್ಯಗಳನ್ನು ಬರೆದುಕೊಂಡು ಹೋಗುತ್ತಿದ್ದರು. ನನ್ನ ಹೆಂಡತಿ ಮಾತ್ರ ಬಂದವರೆದುರು, "ಇವ್ರಿಗಿ ಎಷ್ಟ್ ಬೈದ್ರೂ ಹತ್ತಂಗಿಲ್ರಿ, ಸದಸ್ಯರ ಆಕ್ಷೇಪಣೆ ಅಂತ ಬರ್ಕೊಂಡು ಉಂಡು ಮಕ್ಕೋತಾರ" ಎನ್ನುತ್ತಿದ್ದಳು.

ಆಗ ಅಧ್ಯಕ್ಷೆಯಾಗಿದ್ದವರು ಮಾಳಮ್ಮ. ಕುರಿ ಸಾಕುವ ಮನೆಯವರು, ಮೀಸಲಾತಿಯಲ್ಲಿ ಗೆದ್ದು ಬಂದವರು. ಓದು ಬರಹದಲ್ಲಿ ಅವರಿಗೆ ಬರುತ್ತಿದ್ದುದು ತಮ್ಮ ಸಹಿ ಒಂದೇ. ಹೆಂಡತಿಯ ಬದಲು ತಾನೇ ಕುರ್ಚಿಯಲ್ಲಿ ಕೂರಲು ಬಂದ ಗಂಡನನ್ನು ಮೊದಲ ತಿಂಗಳೇ, "ನೀ ಕುರಿ ನೋಡ್ಕೊಂಡ್ ಹೋಗು, ಇಲ್ಲಿದು ನಾ ನೋಡ್ಕೋತೀನಿ" ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ಅವರನ್ನು ಅಧ್ಯಕ್ಷೆ ಮಾಡಿದ್ದು ಅವರದೇ ಪಕ್ಷದ ಒಬ್ಬ ಹಿರಿಯ ಸದಸ್ಯರು. ಊರಲ್ಲಿ ಆ ಹಿರಿಯರ ಮಾತಿಗೆ ಎದುರು ಮಾತಿರಲಿಲ್ಲ. ಮಾಳಮ್ಮನೂ ಅವರನ್ನು ಅಣ್ಣಾ ಎಂದೇ ಕರೆಯುತ್ತಿದ್ದರು.

ಒಂದು ಬೇಸಿಗೆ. ಮೋಟರು ಸುಟ್ಟು ಊರಿಗೆ ನೀರಿನ ತಾಪತ್ರಯ. ಟ್ಯಾಂಕಿನ ವಾಲ್ವ್ ತಿರುಗಿಸಿ ಓಣಿ ಓಣಿಗೆ ನೀರು ಬಿಡುವವನು ಸಾಬಣ್ಣ, ಪಂಚಾಯಿತಿಯ ವಾಟರ್‌ಮನ್. ಮೋಟರು ಸುಟ್ಟಿದ್ದಕ್ಕೂ ಅವನಿಗೂ ಸಂಬಂಧವಿರಲಿಲ್ಲ, ಅದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಆದರೂ ಆ ಹಿರಿಯ ಸದಸ್ಯರು ಎದ್ದು ನಿಂತು ಹೇಳಿದರು:

"ಮೂರ್ ದಿನ ಆತು ನಮ್ಮ ಓಣಿಗಿ ನೀರಿಲ್ಲ. ಆ ಸಾಬಣ್ಣನ ಕೈ ಕಡದು ಟಾಕಿಗಿ ಕಟ್ರಿ. ಆವಾಗ ನೀರು ತಾನ ಬರ್ತದ."

ಎಲ್ಲರೂ ನಕ್ಕರು. ಮಾಳಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ನಗಲಿಲ್ಲ. ತಲೆ ಬಗ್ಗಿಸಿ, "ನೀರು ಸರಬರಾಜಿನ ಕುರಿತು ಮಾನ್ಯ ಸದಸ್ಯರು ತೀವ್ರ ಅಸಮಾಧಾನ ವ್ಯಕ್ತಪಡಿಸಿದರು" ಎಂದು ಬರೆದೆ. ಸಭೆ ನಡೆಯುವಾಗಲೇ ಬರೆದು ಮುಗಿಸುವುದು ನನ್ನ ಪದ್ಧತಿ. ಆಮೇಲೆ ಬರೆಯುತ್ತ ಕೂತರೆ ಸಹಿ ಹಾಕುವವರು ಕೈಗೆ ಸಿಗುವುದಿಲ್ಲ.

ಮರುದಿನ ಬೆಳಿಗ್ಗೆ ಆ ಓಣಿಯ ನಾಲ್ವರು ಟ್ಯಾಂಕಿನ ಹತ್ತಿರ ಸಾಬಣ್ಣನನ್ನು ಹಿಡಿದು, ಅವನ ಬಲಗೈಯನ್ನು ಪೈಪಿನ ಮೇಲಿಟ್ಟು ರಾಡಿನಿಂದ ಹೊಡೆದರು. ಕಡಿಯಲಿಲ್ಲ, ಮುರಿದರು. ಹೊಡೆದವರಲ್ಲಿ ಒಬ್ಬ ಪೊಲೀಸರ ಮುಂದೆ ಹೇಳಿದ್ದು ಕೇಳಿ ದಂಗಾದೆ. "ಸಭಾದಾಗ ಹಿರ್ಯಾರು ಅಂದಾರಂತ್ರಿ. ಅಧ್ಯಕ್ಷರೂ ಬ್ಯಾಡ ಅಂದಿಲ್ಲಂತ." ಯಾವ ನಾಚಿಕೆಯೂ ಇಲ್ಲದೆ, ಒಪ್ಪಿಸಿದ ಕೆಲಸ ಮಾಡಿ ಬಂದವನ ಹಾಗೆ ಹೇಳಿದ.

ಪೊಲೀಸರು ನಡಾವಳಿ ಪುಸ್ತಕ ತರಿಸಿ ನೋಡಿದರು. "ಅಸಮಾಧಾನ ಎಲ್ಲಾರಿಗೂ ಇರ್ತದ ಬಿಡ್ರಿ" ಎಂದು ಮಡಚಿ ನನ್ನ ಕೈಗೆ ಕೊಟ್ಟರು. ಕೇಸು ಆ ನಾಲ್ವರ ಮೇಲೆ ನಿಂತಿತು. ಹೇಳಿದವರ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ತಾಲ್ಲೂಕಿನ ದೊಡ್ಡ ನಾಯಕರು ದವಾಖಾನೆಗೆ ಮೋಸಂಬಿ ಹಿಡಿದು ಬಂದು, "ಮಾತಿನ ಭರದಾಗ ಅಂದಾನ. ಎಲ್ಲಾರೂ ನಮ್ಮೋರ ಅದಾರ, ದೊಡ್ಡದು ಮಾಡಬ್ಯಾಡ್ರಿ" ಎಂದು ಹೋದರು.

ಮುಂದಿನ ಸಭೆಯಲ್ಲಿ ನಾನು ಎಂದಿನಂತೆ ಹಿಂದಿನ ನಡಾವಳಿ ಓದಿದೆ. ಆ ವಾಕ್ಯಕ್ಕೆ ಬಂದಾಗ ಮಾಳಮ್ಮ ಕೈ ಎತ್ತಿದರು.

"ನಿಲ್ರಿ ಸರ. ಅವತ್ತ ಅಣ್ಣಾರು ಅಂದದ್ದು ಇಷ್ಟೇನ್ರಿ?"

"ನಡಾವಳಿಯೊಳಗ ಹಿಂಗ ಬರಿಯೋ ಪದ್ಧತಿರಿ ಅಮ್ಮಾರ."

"ಕೈ ಮುರದದ್ದು ಪದ್ಧತಿ ಪ್ರಕಾರ ಮುರದಾರೇನು? ಅಂದದ್ದ ಅಂದಂಗ ಬರೀರಿ."

ಗದ್ದಲವಾಯಿತು. ಬರೆಯಬೇಕೇ ಬೇಡವೇ ಎಂದು ಕೈ ಎತ್ತಿಸಿದರು. ಬೇಡ ಎಂದವರೇ ಹೆಚ್ಚು. ಆಮೇಲೆ ಮಾಳಮ್ಮ ಹೇಳಿದರು:

"ಅವರದು ಬ್ಯಾಡಂದ್ರ ಬಿಡ್ರಿ. ನಂದ ಬರೀರಿ. ಅಧ್ಯಕ್ಷೆ ಮಾಳಮ್ಮ ಆ ಮಾತು ಕೇಳಿ ನಕ್ಕಾಳ ಅಂತ ಬರೀರಿ. ಕುರ್ಚಿ ಮ್ಯಾಲ ಕುಂತಾವರು ನಕ್ರಂದ್ರ ಹುಕುಂ ಕೊಟ್ಟಂಗ. ನಾ ಅಲ್ಲೇ ಬ್ಯಾಡಪಾ ಅಂದಿದ್ರ ಆ ಹುಡ್ರು ಟಾಕಿತನ ಹೋಗ್ತಿದ್ದಿಲ್ಲ."

ಇದಕ್ಕೆ ಯಾರ ತಕರಾರೂ ಇರಲಿಲ್ಲ. ನಾನು ಬರೆದೆ, ಅವರು ಸಹಿ ಹಾಕಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಅವರನ್ನು ಒಬ್ಬ ಹಟಮಾರಿ ಹೆಂಗಸು ಎಂದುಕೊಂಡು ಮರೆಯುತ್ತಿದ್ದೆನೇನೋ. ಅಷ್ಟೊತ್ತಿಗೆ ಮೋಟರು ರಿಪೇರಿಯಾಗಿತ್ತು. ಮರುದಿನದಿಂದ ಸಾಬಣ್ಣನ ಪ್ಲಾಸ್ಟರ್ ಬಿಚ್ಚುವವರೆಗೆ ಅಧ್ಯಕ್ಷೆಯೇ ಬೆಳಿಗ್ಗೆ ಟ್ಯಾಂಕಿಗೆ ಹೋಗಿ ವಾಲ್ವ್ ತಿರುಗಿಸಿದರು. ಸೀರೆ ಎತ್ತಿ ಕಟ್ಟಿ, ಕೆಸರಲ್ಲಿ ನಿಂತು, ಎರಡೂ ಕೈಯಿಂದ. ಊರ ಹೆಂಗಸರು ಕೊಡ ಹಿಡಿದು ನೋಡುತ್ತ ನಿಂತರು. ಇದೇನ್ರಿ ಅಮ್ಮಾರ, ನಾಲ್ಕು ಮಂದಿ ಏನಂದಾರು ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ನಮ್ಮ ಕುರಿ ಹಟ್ಟ್ಯಾಗ ಒಂದ್ ರಿವಾಜ್ ಅದರಿ ಸರ. ಯಾರರ ನಾಯಿಗಿ ಛೂ ಅಂದು, ಅದು ಹೋಗಿ ಹಾದ್ಯಾಗ ಹೋಗಾವರಿಗಿ ಕಡೀತಂದ್ರ, ನಾಯಿಗಿ ಹೊಡಿಯಂಗಿಲ್ಲ. ಛೂ ಅಂದಾವನ ಬಂದು ತನ್ನ ಕೈಲೆ ಗಾಯ ತೊಳೀಬೇಕು, ಅದು ಮಾಯೋತನ ಅವರ ಕೆಲಸ ಮಾಡಿಕೊಡ್ಬೇಕು. ಛೂ ಅಂದಾವರು ಅಣ್ಣಾರು. ಅವರಿಗೂ ಬರ್ರಿ ಅಂತ ಹೇಳಿ ಕಳಿಸೀನಿ. ಅವರು ಬರೋತನ ನಾ ಮಾಡ್ತೀನಿ."

ಅವರು ಬರಲಿಲ್ಲ. ಬಂದದ್ದು ಅವಿಶ್ವಾಸ ಗೊತ್ತುವಳಿ. ಆ ದಿನ ಹಿರಿಯ ಸದಸ್ಯರು ನಡಾವಳಿ ಪುಸ್ತಕ ಕೇಳಿ ಪಡೆದು, ನನ್ನ ಮುತ್ತಿನಂಥ ಅಕ್ಷರವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಬಡ ನೌಕರನ ಮೇಲಿನ ಮಾತಿಗೆ ಅಧ್ಯಕ್ಷೆ ನಕ್ಕರು ಎಂದು ಅವರ ಸಹಿಯೇ ಇದೆ, ಇಂಥವರು ಕುರ್ಚಿಗೆ ಯೋಗ್ಯರೇ ಎಂದು ಕೇಳಿದರು. ಪುಸ್ತಕದಲ್ಲಿ ಕಡಿಯಿರಿ ಎಂದವರಿರಲಿಲ್ಲ, ಕಡಿಯಿರಿ ಎಂಬ ಮಾತೂ ಇರಲಿಲ್ಲ. ಇದ್ದ ತಪ್ಪಿತಸ್ಥರು ಒಬ್ಬರೇ, ತಪ್ಪು ಒಪ್ಪಿಕೊಂಡವರು. ಹಾಗೆ ಮಾಡಿಟ್ಟವನು ನಾನು. ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಗೊತ್ತುವಳಿ ಪಾಸಾಯಿತು, ಆ ದಿನದ ನಡಾವಳಿಯನ್ನೂ ಚಂದವಾಗಿ ಬರೆದೆ. ಮಾಳಮ್ಮ ಚಪ್ಪಲಿ ಮೆಟ್ಟಿಕೊಂಡು ಕುರಿ ಹಟ್ಟಿಯ ಕಡೆ ನಡೆದು ಹೋದರು.

ಇಷ್ಟು ವರ್ಷ ನಾನು ಒಂದೇ ಒಂದು ಸಮಾಧಾನ ಇಟ್ಟುಕೊಂಡು ಬಂದಿದ್ದೆ. ಅವತ್ತು ಆ ಕೋಣೆಯಲ್ಲಿ ನಗದೇ ಇದ್ದವನು ನಾನೊಬ್ಬನೇ ಎಂದು. ಮೊನ್ನೆ ಚಹಾದಂಗಡಿಯಲ್ಲಿ ಅದೂ ಹೋಯಿತು. ಮರುದಿನದ ಪತ್ರಿಕೆಯಲ್ಲಿ, ವೇದಿಕೆಯ ಮೇಲೆ ಶಾಲು ಸರಿ ಮಾಡಿಕೊಂಡ ನಾಯಕರ ಹೇಳಿಕೆ ಬಂದಿತ್ತು. ಮಾತಿನ ಭರದಲ್ಲಿ ಬಂದ ಮಾತು, ದೊಡ್ಡದು ಮಾಡುವುದು ಬೇಡ ಎಂದು. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಸಾಬಣ್ಣ ಈಗ ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಮಗಳ ಕ್ವಾರ್ಟರ್ಸಿನಲ್ಲಿದ್ದಾನೆ ಎಂದು ಕೇಳಿ ತಿಳಿದಿದ್ದೆ. ಶಹಾಪುರದ ಬಸ್ಸು ಹತ್ತಿದೆ.

ಗುರುತು ಹಿಡಿದ. "ಬರ್ರಿ ಸರ, ಒಳಗ ಬರ್ರಿ" ಎಂದು ಎಡಗೈಯಲ್ಲಿ ಕುರ್ಚಿ ಎಳೆದು ಹಾಕಿದ. ಬಲಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಅದನ್ನು ನೋಡದಿರಲು ನಾನು ಗೋಡೆಯ ಕ್ಯಾಲೆಂಡರ್ ಓದಿದೆ. ಮಗಳು ಚಹಾ ಕೊಟ್ಟು ಒಳಗೆ ಹೋದಳು. ಮೂವತ್ತು ವರ್ಷ ನುಣುಪು ವಾಕ್ಯ ಬರೆದವನಿಗೆ ಒಂದು ವಾಕ್ಯ ಹೊರಡಿಸಲು ಒದ್ದಾಟವಾಯಿತು.

"ಸಾಬಣ್ಣ, ಅವತ್ತ ಅವರು ಅಂದ ಮಾತು ನಾ ಬರೀಲಿಲ್ಲೋ."

"ಗೊತ್ತದರಿ ಸರ. ದವಾಖಾನ್ಯಾಗ ಪೊಲೀಸರ ಹೇಳಿದ್ರು, ಪುಸ್ತಕದಾಗ ಏನೂ ಇಲ್ಲಂತ."

"ನಾ ನಗಲಿಲ್ಲ, ಅಷ್ಟ" ಎಂದೆ. ನಾಚಿಕೆಯಿಲ್ಲದ ಮಾತು, ಆದರೂ ಬಾಯಿಂದ ಬಂದುಬಿಟ್ಟಿತು.

"ಹೌದ್ರಿ, ನಗಲಿಲ್ಲ. ನಾ ನೋಡೀನಲ್ರಿ."

ಎಲ್ಲಿಂದ ನೋಡಿದೆ ಎಂದು ಕೇಳಿದೆ.

"ಬಾಗಲ್ದಾಗ ನಿಂತಿದ್ನಿರಿ. ಮೆಂಬರ್ರಿಗಿ ಕುಡಿಯೋ ನೀರ್ ತಂದಿದ್ನಿ. ಎಲ್ಲಾರೂ ನಕ್ರು, ನಾನೂ ನಕ್ನಿರಿ. ಅಷ್ಟು ದೊಡ್ಡೋರು ನಗೋಮುಂದ ನಾ ಒಬ್ಬಾವ ಮುಖ ಬಿಗಕೊಂಡು ನಿಂತ್ರ ಹ್ಯಾಂಗ್ರಿ? ಒಳಗ ಅಂಜಿಕಿ ಬಂದಿತ್ತು ಖರೆ. ಆಮ್ಯಾಲ ನಿಮ್ಮ ಕಡಿ ನೋಡ್ನಿ. ನೀವ್ ನಗಲಾರ್ದ ಬರಿಯಾಕತ್ತಿದ್ರಿ. ಸರ್ ಬರ್ಕೊಂಡಾರ, ಇನ್ನ ಯಾರ್ ನನಗ ಮುಟ್ಟತಾರ ಅಂತ ಬೇಫಿಕರ್ ಆಗಿ ಮನಿಗಿ ಹೋದ್ನಿ. ಮುಂಜಾನಿ ಟಾಕಿ ಹತ್ರ ಆ ನಾಕ್ ಮಂದಿ ನಿಂತದ್ದು ದೂರಿಂದ ಕಂಡಿತ್ರಿ ನನಗ. ಆದ್ರೂ ಹಿಂದ ತಿರುಗ್ಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ, ಅಷ್ಟೆ. ನಾನು ಬಸ್ಸಿನಲ್ಲಿ ಯಾದಗಿರಿಗೆ ಬಂದು, ಚಪ್ಪಲಿ ಬಿಟ್ಟು, ಇದನ್ನು ಬರೆಯಲು ಕೂತೆ. ಯಾರು ಏನಂದರೋ ಅದನ್ನು ಅಂದ ಹಾಗೆಯೇ ಬರೆದಿದ್ದೇನೆ. ಅವತ್ತು ಸಾಬಣ್ಣ ಮನೆಗೆ ಹೋಗುವ ಮೊದಲೇ ಬರೆಯಬೇಕಿತ್ತು.