ಲವೀನತ್ತೆ ಕೊಟ್ಟುಬಿಟ್ಟ ಕಾಗದಗಳು

ನಮ್ಮ ವರ್ಮಾಂಟಿನ ಗುಡ್ಡದೂರಿನಿಂದ ದಕ್ಷಿಣ ರಾಜ್ಯಗಳವರ ಮೇಲೆ ಯುದ್ಧಕ್ಕೆ ಹೋದ ಹುಡುಗರ ಬಗ್ಗೆ ಒಂದು ಪುಸ್ತಕ ಬಂದಿದೆ. ತೊಗಲಿನ ರಟ್ಟು, ಚಿನ್ನದ ಬಣ್ಣದ ಅಂಚು, ಒಳಗೆ ಅವರು ಮನೆಗೆ ಬರೆದ ಕಾಗದಗಳು. ಎಲ್ಲರೂ ಅದನ್ನು ಬೈಬಲ್ಲಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ನಾನು ಕೊಂಡಿಲ್ಲ. ಯಾಕೆ ಎಂದು ಕೇಳಿದವರಿಗೆ ಲವೀನತ್ತೆಯ ಕತೆ ಹೇಳಲು ಶುರುಮಾಡುತ್ತೇನೆ. ಅರ್ಧ ಮುಗಿಯುವಷ್ಟರಲ್ಲಿ ಅವರಿಗೆ ಒಲೆಯ ಮೇಲೆ ಏನೋ ಇಟ್ಟು ಬಂದದ್ದು ನೆನಪಾಗಿಬಿಡುತ್ತದೆ.

ಲವೀನಾ ಟಟಲ್ ನಮ್ಮ ಬೇಲಿಯಾಚೆಯ ವಿಧವೆ, ಊರಿಗೆಲ್ಲ ಅತ್ತೆ. ಕಂಡವರ ಬಟ್ಟೆ ಒಗೆದು, ಕಾಲುಚೀಲ ಹೆಣೆದು ಒಬ್ಬನೇ ಮಗ ಓರಿನ್‌ನನ್ನು ಬೆಳೆಸಿದಳು. ಓದು ಬರಹ ಬಾರದು. ಅವನು ಸೈನ್ಯಕ್ಕೆ ಸೇರಿದ ಮೇಲೆ ಕಾಗದ ಬಂದಾಗಲೆಲ್ಲ ಒದ್ದೆ ಕೈ ಒರೆಸಿಕೊಳ್ಳುತ್ತಾ ನಮ್ಮ ಅಡುಗೆಮನೆಗೆ ಬಂದು ಕೂರುತ್ತಿದ್ದಳು. ಓದುವ ಕೆಲಸ ನನ್ನದು.

ಓರಿನ್‌ಗೆ ಬಾಯಿ ಜಾಸ್ತಿ. ನಮ್ಮ ಪಡೆಯ ಅಡುಗೆಯವನು ಬೇಯಿಸಿದ ಬೀನ್ಸನ್ನು ಬಂದೂಕಿಗೆ ತುಂಬಿದರೆ ಯುದ್ಧ ನಾಳೆಯೇ ಮುಗಿಯುತ್ತದೆ ಎಂದು ಬರೆಯುತ್ತಿದ್ದ. ಪಟ್ಟೆ ಹಸು ಗಂಡುಗರು ಹಾಕಿದರೆ ನಮ್ಮ ಕ್ಯಾಪ್ಟನ್ನನ ಹೆಸರಿಡವ್ವ, ಅವನೂ ಬರೀ ಅರಚುವುದಕ್ಕೇ ಲಾಯಕ್ಕು ಎಂದೂ ಒಮ್ಮೆ ಬರೆದಿದ್ದ.

"ಥೂ, ಇವನ ಬಾಯಿಗಿಷ್ಟು!" ಎಂದು ಬೈದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇನ್ನೊಂದ್ಸಲ ಓದೇ ಅಬಿ" ಎನ್ನುತ್ತಿದ್ದಳು.

ಓರಿನ್‌ಗೆ ಗುಂಡು ತಗಲಲಿಲ್ಲ. ವರ್ಜೀನಿಯಾದ ಕೆಸರಿನ ಬಿಡಾರದಲ್ಲಿ ವಿಷಮಜ್ವರ ಬಂದು ಸತ್ತ.

ಸತ್ತ ಸಿಪಾಯಿಯ ತಾಯಿಗೆ ಪಿಂಚಣಿ ಸಿಗಬೇಕಾದರೆ ಮಗನೇ ಅವಳನ್ನು ಸಾಕುತ್ತಿದ್ದ ಎಂದು ಸರ್ಕಾರಕ್ಕೆ ರುಜುವಾತು ಕೊಡಬೇಕು. ಅದಕ್ಕೆಂದೇ ಪೇಟೆಯಿಂದ ಒಬ್ಬ ವಕೀಲ ಬಂದ.

"ದುಡ್ಡು ಕಳಿಸಿದೀನಿ ಅಂತ ಬರೆದಿರೋ ಕಾಗದ ಒಂದೆರಡಿದ್ರೆ ಸಾಕಮ್ಮ" ಎಂದ.

ಲವೀನತ್ತೆ ಒಳಗೆ ಹೋಗಿ ಇಡೀ ಕಟ್ಟನ್ನೇ ತಂದಳು. "ಅತ್ತೆ, ಒಂದೆರಡು ಸಾಕಂತೆ" ಎಂದು ನಾನು ಅವಳ ತೋಳು ಹಿಡಿದುಕೊಂಡೆ.

"ನೀನು ಸುಮ್ನಿರೇ. ದುಡ್ಡಿನ ಕಾಗದ ಅಷ್ಟೇ ಆರಿಸಿ ಕೊಟ್ರೆ, ದುಡ್ಡು ಬಿಟ್ಟು ನನ್ನ ಮಗನಿಗೆ ಬೇರೆ ಮಾತೇ ಇರ್ಲಿಲ್ಲ ಅಂದ್ಕೊಳ್ಳಲ್ವಾ ಅವ್ರು? ಎಲ್ಲಾನೂ ಓದ್ಲಿ. ಎಂಥ ಹುಡುಗನ್ನ ಕೊಂದ್ರು ಅಂತ ಗೊತ್ತಾಗ್ಲಿ."

ವಕೀಲ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಕುದುರೆ ಹತ್ತಿದ.

ಪಿಂಚಣಿ ಬಂತು, ಕಾಗದಗಳು ಬರಲಿಲ್ಲ. ಅವಳ ಪರವಾಗಿ ನಾನು ವಾಷಿಂಗ್ಟನ್ನಿಗೆ ಬರೆದೆ. ಅರ್ಜಿಯ ಜೊತೆ ಸೇರಿದ್ದು ಸರ್ಕಾರದ ಸ್ವತ್ತು, ಹಿಂದಿರುಗಿಸುವ ಪದ್ಧತಿಯಿಲ್ಲ ಎಂದು ಉತ್ತರ ಬಂತು. ಪಿಂಚಣಿಯೇ ಬೇಡ, ಕಾಗದ ಕೊಟ್ಟುಬಿಡಿ ಎಂದು ಬರೆಸಿದಳು. ಅದಕ್ಕೂ ಅದೇ ಉತ್ತರ, ಸಹಿ ಮಾತ್ರ ಬೇರೆಯವರದು. ಪಟ್ಟೆ ಹಸುವಿನ ಕರು ಕಟ್ಟಿಕೊಂಡು ಸರ್ಕಾರಕ್ಕೆ ಏನಾಗಬೇಕಿತ್ತೋ! ಈಗಲೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ವರ್ಷಗಳುರುಳಿದವು. ಹುಡುಗರ ನೆನಪಿಗೆ ಪುಸ್ತಕ ಮಾಡುತ್ತೇವೆ, ಕಾಗದವಿದ್ದವರು ತನ್ನಿ ಎಂದು ಚರ್ಚಿನಲ್ಲಿ ಸಾರಿದರು. ಅದರ ಯಜಮಾನಿಕೆ ಉಣ್ಣೆ ಗಿರಣಿಯ ಎಸ್ಟಾಬ್ರೂಕ್ ಸಾಹೇಬರದು. ಓರಿನ್‌ನ ಕ್ಯಾಪ್ಟನ್ ಇವರ ಮಗನೇ. ಅವನು ಜೀವಂತ ವಾಪಸ್ ಬಂದು ಚೆನ್ನಾಗಿ ದಪ್ಪಗಾಗಿದ್ದ. ಅಷ್ಟು ಹೊತ್ತಿಗೆ ಬೆನ್ನು ಬಾಗಿದ್ದ ಅತ್ತೆ ನನ್ನ ಕೈ ಹಿಡಿದುಕೊಂಡು ಅವರ ಮನೆಗೆ ಬಂದಳು.

"ಕಾಗದ ವಾಷಿಂಗ್ಟನ್ನಲ್ಲಿದೆ ಸ್ವಾಮಿ. ಆದ್ರೆ ನಂಗೆ ಎಲ್ಲಾ ಬಾಯಿಗೆ ಬರುತ್ತೆ. ಹೇಳ್ತೀನಿ, ಬರ್ಕೊಳ್ಳಿ" ಎಂದವಳೇ ಶುರುಮಾಡಿಬಿಟ್ಟಳು. ಬೀನ್ಸಿನ ಮಾತಿಗೆ ಸಾಹೇಬರು ನಕ್ಕರು. ಮುಗ್ಧೆ, ಹುರುಪಿನಲ್ಲಿ ಕರುವಿನ ನಾಮಕರಣವನ್ನೂ ಹೇಳಿದಳು. ನಾನು ಅವಳ ಶಾಲು ಎಳೆಯುವುದರೊಳಗೆ ಅವರ ಮುಖ ಗಂಟಿಕ್ಕಿತ್ತು.

"ನೋಡಮ್ಮ, ಇದು ಚರಿತ್ರೆ. ಬಾಯಲ್ಲಿ ಯಾರು ಏನು ಬೇಕಾದ್ರೂ ಹೇಳ್ಬಹುದು. ಕಾಗದ ಇದ್ರೆ ತಗೊಂಡ್ಬನ್ನಿ."

"ಅಬಿ ಓದಿದಾಳಲ್ಲ ಸ್ವಾಮಿ, ಕೇಳಿ ಅವಳ್ನ."

"ಹೌದು, ನಾನೇ ಓದಿದ್ದು" ಎಂದೆ. ಅವರು ಆಗಲೇ ಬಾಗಿಲು ತೆರೆದು ಹಿಡಿದಿದ್ದರು.

ಪುಸ್ತಕ ಬಂದಾಗ ಚರ್ಚಿನ ಪ್ರತಿಯನ್ನು ಎರವಲು ತಂದು ಅತ್ತೆಯ ಮುಂದೆ ಬಿಚ್ಚಿದೆ. ಕ್ಯಾಪ್ಟನ್ನನ ಕಾಗದಗಳೇ ಪುಟಗಟ್ಟಲೆ. ಒಂದರಲ್ಲಿ ಬೆಚ್ಚನೆಯ ಕೈಗವಸು ಸಿಗಲಿಲ್ಲ ಎಂಬ ಗೋಳೂ ಇತ್ತು. ಉಳ್ಳವರು ಯಾರಿಗೂ ಏನೂ ರುಜುವಾತು ಮಾಡಬೇಕಾಗಿರಲಿಲ್ಲ, ಅವರ ಕಾಗದಗಳು ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ನಮ್ಮಂಥವರವು ಹೊಟ್ಟೆಪಾಡಿಗಾಗಿ ಸರ್ಕಾರದ ಬೀರು ಸೇರಿದವು.

"ನಮ್ಮ ಹುಡುಗನ್ದು ಓದೇ."

ಓದಿದೆ. "ಓರಿನ್ ಟಟಲ್. ಜ್ವರದಿಂದ ಮರಣ. ಕಾಗದಗಳು ಲಭ್ಯವಿಲ್ಲ. ತಾಯಿ ಪಿಂಚಣಿ ಪಡೆಯುತ್ತಿದ್ದಾರೆ."

"ಆಮೇಲೆ?"

"ಅಷ್ಟೇ ಅತ್ತೆ."

ಅವಳು ಪುಟದ ಮೇಲೆ ಬೆರಳಾಡಿಸಿದಳು. ಸರಿಯಾದ ಸಾಲು ಯಾವುದೆಂದು ಗೊತ್ತಿಲ್ಲದೆ ಪಕ್ಕದವನ ಹೆಸರನ್ನು ಸವರುತ್ತಿದ್ದಳು. ನಾನು ಬೆರಳು ಹಿಡಿದು ಮಗನ ಹೆಸರಿನ ಮೇಲಿಟ್ಟೆ.

"ನಾನೂ ಹೋದ್ಮೇಲೆ ಅವನು ಇಷ್ಟೇನಾ ಅಬಿ?"

ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಸುಳ್ಳು ಹೊರಡಲಿಲ್ಲ.