ಬಣ್ಣದ ಮಂತ್ರಕ್ಕೆ ಹನ್ನೆರಡು

ಆಗ ಡಿಗ್ರಿ ಓದುತ್ತಿದ್ದೆವು. ಹಾವೇರಿಯ ಗೆಳೆಯನೊಬ್ಬನ ಮನೆಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಮೂವರು ಕೂಡಿ ಒಂದು ಆಟ ಆಡುತ್ತಿದ್ದೆವು. ಒಬ್ಬ ಕಥೆ ಹೇಳುತ್ತ ರಾಕ್ಷಸರನ್ನು ಬಿಡಬೇಕು. ಉಳಿದವರು ವೀರರೋ ಮಾಂತ್ರಿಕರೋ ಆಗಿ ಎದುರಿಸಬೇಕು. ಪುಣೆಯ ಬಂಧುವೊಬ್ಬರು ಕೊಟ್ಟ ಝೆರಾಕ್ಸ್ ಪುಸ್ತಕದಲ್ಲಿ ಇಪ್ಪತ್ತು ಮುಖದ ದಾಳ ಬೇಕು ಎಂದಿತ್ತು. ಅದು ನಮ್ಮ ಕಡೆ ಎಲ್ಲಿ ಸಿಗಬೇಕು? ಸ್ಟೀಲ್ ಲೋಟದಲ್ಲಿ ಅಂಕಿ ಬರೆದ ಇಪ್ಪತ್ತು ಚೀಟಿ ಹಾಕಿ ಎತ್ತುತ್ತಿದ್ದೆವು. ಕಥೆ ಹೇಳುವವನು ನಾನು. ತೀರ್ಪು ಕೊಡುವ ಪಂಚನೂ ನಾನೇ.

ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಮಂತ್ರ ಎಷ್ಟು ದೂರ ಹೋಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಎಷ್ಟು ಪೆಟ್ಟು ಕೊಡುತ್ತದೆ ಎಂದು ತುಂಬಿದರೆ, ಅದಕ್ಕೆ ಮಾಂತ್ರಿಕ ಖರ್ಚು ಮಾಡಬೇಕಾದ ಶಕ್ತಿಯ ಅಂಕಿ ತಾನೇ ಬರುವಂತೆ ಅಲ್ಲಿ ಸೂತ್ರ ಬರೆದಿಟ್ಟಿದ್ದೆ. ಪ್ರಿಂಟ್ ಹಿಡಿದು ಹಾವೇರಿಗೆ ಹೋದರೆ ನನ್ನ ಗತ್ತೇ ಬೇರೆ.

ಒಂದು ತಿಂಗಳು ತಲೆ ಕೆಡಿಸಿಕೊಂಡು ಕಣ್ಣಿಗೆ ಕಾಣದ ರಾಕ್ಷಸನೊಬ್ಬನನ್ನು ಹುಟ್ಟಿಸಿದೆ. ಮೊದಲ ಭಾನುವಾರ ಇಬ್ಬರೂ ಗಾಳಿಗೆ ಗುದ್ದಿ ಸುಸ್ತಾದರು. ಮಾಂತ್ರಿಕನಾಗಿದ್ದವನು ಬ್ಯಾಡಗಿಯವ, ಮಾತು ಕಡಿಮೆ. ಹೊರಡುವಾಗ ನೋಟ್‌ಬುಕ್ಕಿನ ಹಾಳೆಯೊಂದನ್ನು ಕೈಗಿಟ್ಟ. ಅವನು ಸ್ವಂತ ಮಂತ್ರ ಕಟ್ಟಿದ್ದು ಅದೇ ಮೊದಲು.

"ನಮ್ಮೂರ ಮೆಣಸಿನಕಾಯಿಗೆ ಖಾರ ಕಡಿಮಿ, ಬಣ್ಣ ಭಾಳ. ಇದೂ ಹಂಗ. ಯಾರಿಗೂ ಪೆಟ್ಟಾಗಂಗಿಲ್ಲ, ಮುಟ್ಟಿದ್ದೆಲ್ಲಾ ಕೆಂಪಗಾಗತೈತಿ. ಕಂಪ್ಯೂಟರಿಗೆ ಹಾಕಿ ನೋಡೋ," ಎಂದ. ಅವನ ಮುಖದಲ್ಲಿ ಅಷ್ಟು ಖುಷಿ ನಾನು ಕಂಡಿರಲಿಲ್ಲ.

ಹಾಕಿ ನೋಡಿದೆ. ಪೆಟ್ಟು ಸೊನ್ನೆಯಾದ್ದರಿಂದ ಶಕ್ತಿ ಬರೀ ಎರಡು ಬಂತು. ಅವನ ಮಾಂತ್ರಿಕನ ಬಳಿ ಒಟ್ಟು ಹತ್ತರಷ್ಟು ಶಕ್ತಿ ಇತ್ತು. ಅಂದರೆ ಮೊದಲ ಪಾಳಿಯಲ್ಲೇ ನನ್ನ ರಾಕ್ಷಸ ಕೆಂಪಗೆ ಎದುರು ನಿಲ್ಲುತ್ತಿದ್ದ, ಎರಡನೆಯದರಲ್ಲಿ ಸಾಯುತ್ತಿದ್ದ. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕೆ ಬೇರೆ ಹೆಸರು ಬೇಡ. ಆ ಸಾಲಿನ ಸೂತ್ರ ಅಳಿಸಿ ಕೈಯಾರೆ ಹನ್ನೆರಡು ಎಂದು ಹೊಡೆದೆ. ಹತ್ತೇ ಇದ್ದವನು ಹನ್ನೆರಡರ ಮಂತ್ರ ಹಾಕುವಂತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮುಂದಿನ ಭಾನುವಾರ ಪ್ರಿಂಟ್ ಕೊಟ್ಟೆ. ಹಾವೇರಿಯವನು ತಕರಾರು ತೆಗೆದ: "ಬರೇ ಬಣ್ಣ ಹಚ್ಚಾಕ ಹನ್ನೆರಡೇನಲೇ?"

ಉತ್ತರ ಕೊಟ್ಟವನು ಬ್ಯಾಡಗಿಯವನೇ.

"ಕಂಪ್ಯೂಟರ್ ಹಾಕಿದ ಲೆಕ್ಕ ಐತಿ. ಅದಕ್ಕೇನು ನನ್ನ ಮ್ಯಾಲೆ ಸಿಟ್ಟೈತೇನು? ನಾನ ಎಲ್ಲೋ ತಪ್ಪೇನಿ, ಬಿಡು."

ಆ ಮಧ್ಯಾಹ್ನ ರಾಕ್ಷಸ ಇಬ್ಬರನ್ನೂ ಮುಗಿಸಿದ. "ಮಸ್ತ್ ಮಾಡೀದಿ" ಎಂದು ಇಬ್ಬರೂ ನನ್ನ ಬೆನ್ನು ತಟ್ಟಿದರು. ನಾನು ಹಲ್ಲು ಬಿಟ್ಟೆ. ಆ ನಗು ನೆನಪಾದರೆ ಇಂದಿಗೂ ನಾಚಿಕೆಯಿಂದ ತಲೆ ಮೇಲೇಳುವುದಿಲ್ಲ.

ಮರುವಾರ ಹೊಸ ಕಥೆ. ಸ್ವಂತದ್ದೊಂದು ಮಂತ್ರ ಕಟ್ಟು, ಈ ಸಲ ಸರಿಬರುತ್ತದೆ ಎಂದು ನಾನೇ ಅವನಿಗೆ ದುಂಬಾಲು ಬಿದ್ದೆ. ಅವನು ನಕ್ಕ.

"ನನಗ ಆ ತಲಿ ಇಲ್ಲ ದೋಸ್ತ. ನಿನ್ನ ಪಟ್ಟಿಯೊಳಗಿಂದ ಯಾವುದರ ಒಂದು ಕೊಡು."

ನಿಜ ಹೇಳುವ ಬದಲು ಬೆಂಕಿಯುಂಡೆಯ ಮಂತ್ರ ಆರಿಸಿ ಕೊಟ್ಟೆ. ಅವನು ಅದನ್ನು ದುಂಡಗಿನ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡ.